ಡೈರೆಕ್ಟರಿ ಎಡಿಟರ್ ಜತೆ ಜಗಳವಿಲ್ಲದೆ ನಿಮ್ಮ ಸೈಟ್ ಸೇರಿಸುವುದು ಹೇಗೆ

ವೆಬ್‌ಸೈಟ್ ಮಾಡಿದಿರಿ. ಯಾರೋ ಹೇಳಿದರು ಅಂತ ಒಂದು ವೆಬ್ ಡೈರೆಕ್ಟರಿಗೆ, ಅಂದರೆ ಸೈಟ್‌ಗಳನ್ನು ವಿಷಯವಾರು ವಿಂಗಡಿಸಿದ ಪಟ್ಟಿಗೆ, ಸಬ್ಮಿಟ್ ಕೂಡ ಮಾಡಿದಿರಿ. ತಿಂಗಳುಗಳು ಕಳೆದವು, ಉತ್ತರ ಇಲ್ಲ. ಮತ್ತೊಮ್ಮೆ ಕಳಿಸಿದಿರಿ, ಆಗಲೂ ಸುದ್ದಿಯಿಲ್ಲ. ಅಷ್ಟರಲ್ಲಿ ನಿಮ್ಮದೇ ವ್ಯಾಪಾರ ಮಾಡುವ ಇನ್ನೊಬ್ಬರ ಸೈಟು ಅದೇ ಪಟ್ಟಿಯಲ್ಲಿ ಆರಾಮಾಗಿ ಕೂತಿರುವುದು ಕಣ್ಣಿಗೆ ಬಿತ್ತು. ಆಗ ಬರುವ ಕೋಪ ಇದೆಯಲ್ಲ, ಅದು ಇಂಟರ್ನೆಟ್ಟಿನ ಬಹಳ ಹಳೆಯ ಕೋಪ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಸೈಟ್ ಮಾಲೀಕರು ಮತ್ತು ಸೈಟ್‌ಗಳನ್ನು ನೋಡಿ ಪಟ್ಟಿಗೆ ಸೇರಿಸುವ, ಸಂಬಳವಿಲ್ಲದೆ ಕೆಲಸ ಮಾಡುವ ಎಡಿಟರ್‌ಗಳ ಮಧ್ಯೆ ಇದೇ ಜಗಳ ನಡೆಯುತ್ತಾ ಬಂದಿದೆ.

ಈ ಲೇಖನ ಮಾಲೀಕರಿಗೆ. ಆದರೆ ಮಾಲೀಕರ ಪರ ವಕಾಲತ್ತು ಮಾಡುವ ಉದ್ದೇಶ ನನಗಿಲ್ಲ. ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು: ಎಡಿಟರ್ ನಿಮಗಾಗಿ ಕೆಲಸ ಮಾಡುತ್ತಿಲ್ಲ. ಆ ಪಟ್ಟಿಯನ್ನು ತೆರೆದು ಏನನ್ನೋ ಹುಡುಕುವ ಓದುಗನಿಗಾಗಿ ಮಾಡುತ್ತಿದ್ದಾರೆ. ನಿಮ್ಮ ಸೈಟ್ ಆ ಓದುಗನಿಗೆ ಉಪಯೋಗವಾದರೆ ಒಳಗೆ ಬರುತ್ತದೆ. ಇಲ್ಲದಿದ್ದರೆ ನೀವು ಎಷ್ಟು ಸಲ ಫಾರ್ಮ್ ತುಂಬಿದರೂ ಅಷ್ಟೇ.

ಮೊದಲು ಜಗಳದ ಬೇರು ತಿಳಿದುಕೊಳ್ಳಿ

ಇತಿಹಾಸ ಬೇಡ, ಕೆಲಸ ಹೇಳಿ ಅನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಆದರೆ ಓದಿದರೆ ಎಡಿಟರ್‌ಗಳು ಯಾಕೆ ಹಾಗೆ ಮುಖ ಗಂಟಿಕ್ಕುತ್ತಾರೆ ಅನ್ನುವುದು ಗೊತ್ತಾಗುತ್ತದೆ.

1998ರ ಜೂನ್‌ನಲ್ಲಿ ರಿಚ್ ಸ್ಕ್ರೆಂಟಾ, ಬಾಬ್ ಟ್ರೂಯೆಲ್ ಮತ್ತು ಜತೆಗಾರರು ಅಮೆರಿಕದಲ್ಲಿ ಒಂದು ಡೈರೆಕ್ಟರಿ ಶುರು ಮಾಡಿದರು. ಆಗ ಯಾಹೂ ಡೈರೆಕ್ಟರಿಯೇ ದೊಡ್ಡಣ್ಣ. ಅಲ್ಲಿ ಸಂಬಳದ ಎಡಿಟರ್‌ಗಳು ಸೈಟ್‌ಗಳನ್ನು ನೋಡಿ ವಿಭಾಗಗಳಿಗೆ ಹಾಕುತ್ತಿದ್ದರು, ಆದರೆ ವೆಬ್ ಬೆಳೆಯುವ ವೇಗಕ್ಕೆ ಅವರ ಕೈ ಸಾಲುತ್ತಿರಲಿಲ್ಲ. ಸಂಬಳ ಕೊಟ್ಟು ಆಗದ ಕೆಲಸವನ್ನು ಆಸಕ್ತಿ ಇರುವ ಸಾವಿರಾರು ಜನ ಬಿಟ್ಟಿ ಮಾಡಿಯಾರು ಅನ್ನುವುದು ಇವರ ಲೆಕ್ಕ. ಮೊದಲ ಹೆಸರು ಗ್ನೂಹೂ. ಅದಕ್ಕೆ ಮುಕ್ತ ತಂತ್ರಾಂಶದವರು ಆಕ್ಷೇಪಿಸಿದರು, ನ್ಯೂಹೂ ಆಯಿತು. ಅದರ ಬಾಲದಲ್ಲಿದ್ದ 'ಹೂ' ಯಾಹೂಗೆ ಹಿಡಿಸಲಿಲ್ಲ. ಅದೇ ವರ್ಷ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಅದನ್ನು ಕೊಂಡಿತು. ಓಪನ್ ಡೈರೆಕ್ಟರಿ ಪ್ರಾಜೆಕ್ಟ್ ಅನ್ನುವ ಹೆಸರು ಬಂತು. ಜನರ ಬಾಯಲ್ಲಿ ಅದು ಡಿಮೋಜ್.

ಇಲ್ಲಿಂದ ಕಥೆಗೆ ತಿರುವು. ಡಿಮೋಜ್ ತನ್ನ ಪಟ್ಟಿಯನ್ನು ಯಾರು ಬೇಕಾದರೂ ಬಳಸಿ ಅಂತ ಬಿಟ್ಟಿ ಕೊಟ್ಟಿತು. 2000ದಲ್ಲಿ ಗೂಗಲ್ ಅದೇ ಪಟ್ಟಿಯಿಂದ ಗೂಗಲ್ ಡೈರೆಕ್ಟರಿ ಮಾಡಿತು. ಇನ್ನೂ ಎಷ್ಟೋ ಸೈಟ್‌ಗಳು ಅದನ್ನೇ ನಕಲು ಹಾಕಿಕೊಂಡವು. ಅಂದರೆ ಡಿಮೋಜ್‌ನಲ್ಲಿ ಒಂದು ಸಾಲು ಸಿಕ್ಕಿದರೆ ಸಾಕು, ಹತ್ತಾರು ಕಡೆಯಿಂದ ನಿಮ್ಮ ಸೈಟಿಗೆ ಲಿಂಕ್ ಬರುತ್ತಿತ್ತು. ಲಿಂಕ್ ಜಾಸ್ತಿಯಾದರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಬಹುದು ಅನ್ನುವುದು ಅಷ್ಟೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಸಂಜೆ ಕೆಲಸ ಮುಗಿಸಿ ಬಂದು ಹವ್ಯಾಸಕ್ಕೆ ಪಟ್ಟಿ ಮಾಡುತ್ತಿದ್ದ ಒಬ್ಬ ಮನುಷ್ಯನ ಒಂದು ಕ್ಲಿಕ್ಕಿಗೆ ದಿಢೀರನೆ ಹಣದ ಬೆಲೆ ಬಂತು. ಅವನಿಗೆ ಮಾತ್ರ ಒಂದು ಪೈಸೆಯೂ ಇಲ್ಲ.

ಯಾಹೂನಲ್ಲಿ ಲೆಕ್ಕ ಬೇರೆ. ವ್ಯಾಪಾರದ ಸೈಟ್‌ಗಳು ವರ್ಷಕ್ಕೆ 299 ಡಾಲರ್ ಕಟ್ಟಬೇಕಿತ್ತು. ಕಟ್ಟಿದರೂ ಸೇರಿಸುತ್ತೇವೆ ಅನ್ನುವ ಖಾತ್ರಿ ಇರಲಿಲ್ಲ, ಹಣ ವಾಪಸ್ಸೂ ಬರುತ್ತಿರಲಿಲ್ಲ. ಆದರೆ ಏಳು ಕೆಲಸದ ದಿನಗಳಲ್ಲಿ ಹೌದೋ ಅಲ್ಲವೋ ಅನ್ನುವ ಉತ್ತರ ಬರುತ್ತಿತ್ತು. ಡಿಮೋಜ್‌ನಲ್ಲಿ ದುಡ್ಡಿಲ್ಲ, ಉತ್ತರವೂ ಇಲ್ಲ. ನನ್ನ ಪ್ರಕಾರ ಇಡೀ ಜಗಳದಲ್ಲಿ ಕೆಲವು ಎಡಿಟರ್‌ಗಳು ತೆಗೆದುಕೊಂಡ ಲಂಚಕ್ಕಿಂತ ದೊಡ್ಡ ಪಾತ್ರ ಈ ಮೌನದ್ದು. ಉತ್ತರ ಬಾರದ ಕಡೆ ಜನ ಕಥೆ ಕಟ್ಟಿಕೊಳ್ಳುತ್ತಾರೆ.

ಹೆಜ್ಜೆ 1: ನಿಮಗೆ ಇದು ಬೇಕಾ ಅಂತ ಕೇಳಿಕೊಳ್ಳಿ

ಗೂಗಲ್ ಡೈರೆಕ್ಟರಿ 2011ರಲ್ಲಿ ಮುಚ್ಚಿತು. ಯಾಹೂ ಡೈರೆಕ್ಟರಿ 2014ರ ಕೊನೆಗೆ. ಡಿಮೋಜ್ 2017ರ ಮಾರ್ಚ್‌ನಲ್ಲಿ. ಮುಚ್ಚುವಾಗ ಅದರಲ್ಲಿ 38 ಲಕ್ಷಕ್ಕೂ ಮೇಲೆ ಸೈಟ್‌ಗಳಿದ್ದವು, 10 ಲಕ್ಷಕ್ಕೂ ಮೇಲೆ ವಿಭಾಗಗಳು. ಶುರುವಿನಿಂದ ಅಲ್ಲಿಯವರೆಗೆ ಬಂದುಹೋದ ಎಡಿಟರ್‌ಗಳು 90 ಸಾವಿರಕ್ಕೂ ಹೆಚ್ಚು. ಆಮೇಲೆ ಹಳೆಯ ಎಡಿಟರ್‌ಗಳೇ ಸೇರಿ ಕರ್ಲಿ ಅನ್ನುವ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. ಈಗ ಕೈಯಿಂದ ಮಾಡುವ ದೊಡ್ಡ ಡೈರೆಕ್ಟರಿ ಅಂದರೆ ಅದೇ.

ಹಾಗಾಗಿ ಗೂಗಲ್‌ನಲ್ಲಿ ಮೇಲೆ ಬರಲಿ ಅನ್ನುವ ಒಂದೇ ಆಸೆಯಿಂದ ಹೋಗುವುದಾದರೆ ಸುಮ್ನೆ ಟೈಮ್ ವೇಸ್ಟ್. ನಿಮ್ಮದು ಒಂದು ವಿಷಯದ ಬಗ್ಗೆ ನಿಜವಾದ ಮಾಹಿತಿ ಇರುವ ಸೈಟಾ? ಊರಿನ ದೇವಸ್ಥಾನದ ಶಾಸನಗಳು, ಯಕ್ಷಗಾನದ ಪ್ರಸಂಗಗಳು, ಮಲೆನಾಡಿನ ಹಕ್ಕಿಗಳು, ಹಳೇ ಕೃಷಿ ಪದ್ಧತಿ, ಹೀಗೆ? ಹಾಗಿದ್ದರೆ ಹೋಗಿ. ಅಂಥ ಸೈಟ್ ಸಿಕ್ಕರೆ ಎಡಿಟರ್‌ಗಳಿಗೂ ಖುಷಿ.

ಇನ್ನೊಂದು ಎಚ್ಚರಿಕೆ. 'ಐನೂರು ಡೈರೆಕ್ಟರಿಗಳಿಗೆ ಸಬ್ಮಿಟ್ ಮಾಡಿಕೊಡುತ್ತೇವೆ, ಇಷ್ಟು ಸಾವಿರ ಕೊಡಿ' ಅನ್ನುವ ಎಸ್‌ಇಒ (ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ) ಪ್ಯಾಕೇಜ್‌ಗಳು ಇವತ್ತಿಗೂ ಮಾರಾಟಕ್ಕಿವೆ. ತಗೊಳ್ಳಬೇಡಿ. ಆ ಐನೂರರಲ್ಲಿ ಹೆಚ್ಚಿನವು ಯಾರೂ ಓದದ, ಎಡಿಟರ್ ಅನ್ನುವ ಪ್ರಾಣಿಯೇ ಇಲ್ಲದ ಲಿಂಕ್ ಗೋದಾಮುಗಳು. ಕಳಪೆ ಡೈರೆಕ್ಟರಿ ಲಿಂಕ್‌ಗಳನ್ನು ಗೂಗಲ್ ತನ್ನ ನಿಯಮಗಳಲ್ಲೇ ಸ್ಪ್ಯಾಮ್ ಅಂತ ಹೆಸರಿಸಿದೆ. ಅದರ ಜತೆಗೆ, ಈ ಏಜೆನ್ಸಿಗಳು ನಿಮ್ಮ ಸೈಟನ್ನು ಕರ್ಲಿಯಂಥ ಕಡೆಯೂ ಇಪ್ಪತ್ತು ತಪ್ಪು ವಿಭಾಗಗಳಿಗೆ ತುರುಕಿ ಬರುತ್ತಾರೆ. ಆ ಡೊಮೈನ್ ಹೆಸರು ನೋಡಿದ ಕೂಡಲೇ ಎಡಿಟರ್ ಮುಖ ಸಿಂಡರಿಸುವ ಹಾಗಾಗುತ್ತದೆ. ಏಜೆನ್ಸಿಯವನಿಗೆ ಅದರಿಂದ ಏನೂ ಆಗುವುದಿಲ್ಲ, ಹೆಸರು ಕೆಡುವುದು ನಿಮ್ಮದು.

ಹೆಜ್ಜೆ 2: ಸೈಟನ್ನು ಅಪರಿಚಿತರ ಕಣ್ಣಲ್ಲಿ ನೋಡಿ

ಎಡಿಟರ್ ನಿಮ್ಮ ಸೈಟಿನ ಮೇಲೆ ಕಳೆಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅವರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಬೇರೆಲ್ಲೂ ಸಿಗದ ಏನಾದರೂ ಇಲ್ಲಿದೆಯಾ?

'ಪುಟ ಸಿದ್ಧವಾಗುತ್ತಿದೆ' ಅನ್ನುವ ಬೋರ್ಡ್ ಇದ್ದರೆ ಅಲ್ಲಿಗೇ ಮುಗಿಯಿತು. ಬೇರೆ ಸೈಟಿನಿಂದ ಕಾಪಿ ಮಾಡಿದ ಬರಹ, ಬೇರೆ ವಿಳಾಸಕ್ಕೆ ನೇರ ಎಸೆಯುವ ಪುಟ, ಒಂದೇ ಅಂಗಡಿಗೆ ನಾಲ್ಕು ಡೊಮೈನ್, ಬರೀ ಅಫಿಲಿಯೇಟ್ ಲಿಂಕ್‌ಗಳ (ಕಮಿಷನ್‌ಗಾಗಿ ಬೇರೆಯವರ ಅಂಗಡಿಗೆ ಕೊಡುವ ಲಿಂಕ್) ರಾಶಿ, ಇವೆಲ್ಲ ಡಿಮೋಜ್ ಕಾಲದಿಂದಲೂ ಹೊರಗೇ. ವ್ಯಾಪಾರದ ಸೈಟಾದರೆ ಊರು, ವಿಳಾಸ, ಫೋನ್ ನಂಬರ್ ಕಾಣಲೇಬೇಕು. ನಮ್ಮಲ್ಲಿ ಎಷ್ಟೋ ಸೈಟ್‌ಗಳಲ್ಲಿ ಒಂದು ಫಾರ್ಮ್ ಬಿಟ್ಟರೆ ಏನೂ ಇರುವುದಿಲ್ಲ. ಅಂಗಡಿ ಹಾವೇರಿಯಲ್ಲಿದೆಯಾ ಹರಿಯಾಣದಲ್ಲಿದೆಯಾ ಅಂತಲೇ ಗೊತ್ತಾಗುವುದಿಲ್ಲ. ಅದನ್ನು ಯಾವ ವಿಭಾಗಕ್ಕೆ ಅಂತ ಹಾಕಬೇಕು ಆ ಎಡಿಟರ್?

ಕನ್ನಡದ ಸೈಟ್‌ಗಳಿಗೆ ಒಂದು ವಿಶೇಷ ತೊಂದರೆ ಇತ್ತು, ಅಲ್ಲಲ್ಲಿ ಇನ್ನೂ ಇದೆ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಎಲ್ಲ ಕಡೆ ಬರುವ ಮೊದಲು ನಮ್ಮ ಸೈಟ್‌ಗಳು 'ಬರಹ', 'ನುಡಿ' ತಂತ್ರಾಂಶಗಳ ಅಥವಾ ಪತ್ರಿಕೆಗಳ ಸ್ವಂತ ಫಾಂಟ್‌ಗಳಲ್ಲಿ ಇರುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಓದಲಾಗದ ಸೈಟನ್ನು ಯಾವ ಎಡಿಟರ್ ತಾನೇ ಒಪ್ಪುತ್ತಾರೆ? ಹಳೇ ಸಂಘದ ಸೈಟೋ, ಸ್ಮರಣ ಸಂಚಿಕೆಯ ಸೈಟೋ ನಿಮ್ಮ ಕೈಯಲ್ಲಿದ್ದು ಇನ್ನೂ ಹಳೇ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಇಡೀ ಬರಹವನ್ನು ಚಿತ್ರವಾಗಿ ಹಾಕುವ ಅಭ್ಯಾಸವನ್ನೂ ಬಿಡಿ.

ಕಳಿಸುವ ಮೊದಲು ಡೈರೆಕ್ಟರಿಯಲ್ಲಿ ನಿಮ್ಮ ಡೊಮೈನ್ ಹುಡುಕಿ ನೋಡಿ. ಈಗಾಗಲೇ ಇರಬಹುದು. ಎಡಿಟರ್‌ಗಳು ಬರೀ ಬಂದ ಅರ್ಜಿಗಳನ್ನು ನೋಡುತ್ತಾ ಕೂರುವುದಿಲ್ಲ, ತಾವೇ ಹುಡುಕಿಯೂ ಸೇರಿಸುತ್ತಾರೆ.

ಹೆಜ್ಜೆ 3: ವಿಭಾಗ ಆರಿಸುವುದರಲ್ಲೇ ಅರ್ಧ ಗೆಲುವು

ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ ಬೈಯುವುದು ಎಡಿಟರ್‌ಗೆ.

ಡಿಮೋಜ್ ಮತ್ತು ಕರ್ಲಿಯಲ್ಲಿ ಮೊದಲ ಕವಲು ಭಾಷೆ. ಇಂಗ್ಲಿಷ್ ಅಲ್ಲದ ಸೈಟ್‌ಗಳು 'ವರ್ಲ್ಡ್' ಅನ್ನುವ ಕೊಂಬೆಯಲ್ಲಿ ಆಯಾ ಭಾಷೆಯ ಕೆಳಗೆ ಹೋಗುತ್ತವೆ. ಕನ್ನಡ ಸೈಟನ್ನು ಇಂಗ್ಲಿಷ್ ವಿಭಾಗಕ್ಕೆ ಕಳಿಸಿದರೆ ಅಲ್ಲಿನ ಎಡಿಟರ್‌ಗೆ ಓದಲು ಬರುವುದಿಲ್ಲ. ಸೈಟ್ ಎರಡೂ ಭಾಷೆಯಲ್ಲಿ ಪೂರ್ತಿಯಾಗಿ ಇದ್ದರೆ ಎರಡೂ ಕಡೆ ಕೇಳಬಹುದು. ಮೆನು ಮಾತ್ರ ಕನ್ನಡದಲ್ಲಿದ್ದು ಉಳಿದದ್ದೆಲ್ಲ ಇಂಗ್ಲಿಷ್ ಆದರೆ ಅದು ಇಂಗ್ಲಿಷ್ ಸೈಟೇ.

ಎರಡನೇ ಕವಲು ಜಾಗ ಮತ್ತು ವಿಷಯ. ಹುಬ್ಬಳ್ಳಿಯವರಿಗೆ ಮಾತ್ರ ಬೇಕಾಗುವ ದಂತವೈದ್ಯರ ಸೈಟು 'ರೀಜನಲ್', 'ಏಷ್ಯಾ', 'ಇಂಡಿಯಾ', 'ಕರ್ನಾಟಕ', ಅದರೊಳಗೆ ಊರು, ಹೀಗೆ ಇಳಿದು ಹೋಗಬೇಕು. ಅದನ್ನು 'ಹೆಲ್ತ್' ಅನ್ನುವ ದೊಡ್ಡ ವಿಭಾಗದ ನೆತ್ತಿಗೆ ಕಳಿಸಿದರೆ ಏನಾಗುತ್ತದೆ ಗೊತ್ತಾ? ಅಲ್ಲಿನ ಎಡಿಟರ್ ಅದನ್ನು ತಿರಸ್ಕರಿಸದಿದ್ದರೂ ಸರಿಯಾದ ವಿಭಾಗದಲ್ಲಿ ಕಾಯುತ್ತಿರುವ ಅರ್ಜಿಗಳ ರಾಶಿಗೆ ದೂಡುತ್ತಾರೆ. ಅಲ್ಲಿ ಮತ್ತೊಬ್ಬರು ನೋಡುವವರೆಗೆ ಕಾಯಬೇಕು. ಅಲ್ಲಿಯೂ ತಪ್ಪಾಗಿದ್ದರೆ ಮತ್ತೊಂದು ರಾಶಿ. ಮೇಲಿನ ವಿಭಾಗದಲ್ಲಿ ಹೆಸರಿದ್ದರೆ ಬೆಲೆ ಜಾಸ್ತಿ ಅನ್ನುವ ಆಸೆಯಿಂದ ಹೀಗೆ ಮಾಡಿ ವರ್ಷಗಟ್ಟಲೆ ಅಲೆದ ಸೈಟ್‌ಗಳು ಲೆಕ್ಕವಿಲ್ಲದಷ್ಟು.

ಹೀಗೆ ಮಾಡಿ. ನಿಮ್ಮದನ್ನು ಹೋಲುವ ನಾಲ್ಕೈದು ಸೈಟ್‌ಗಳು ಎಲ್ಲಿವೆ ಅಂತ ಹುಡುಕಿ. ಆ ವಿಭಾಗದ ಮೇಲೆ ವಿವರಣೆ ಇದ್ದರೆ ಪೂರ್ತಿ ಓದಿ. ಅದರಲ್ಲಿ ಇನ್ನೂ ಕೆಳಗಿನ ಉಪವಿಭಾಗ ನಿಮಗೆ ಹೊಂದುವುದಾದರೆ ಅಲ್ಲಿಗೇ ಇಳಿಯಿರಿ. 'ಈ ವಿಭಾಗಕ್ಕೆ ಎಡಿಟರ್ ಬೇಕಾಗಿದ್ದಾರೆ' ಅಂತ ಬರೆದಿದ್ದರೆ ಯಾರೂ ನೋಡುವುದಿಲ್ಲ ಅಂದುಕೊಳ್ಳಬೇಡಿ. ಮೇಲಿನ ವಿಭಾಗದ ಎಡಿಟರ್‌ಗೆ ಕೆಳಗಿನ ಎಲ್ಲದರ ಮೇಲೂ ಅಧಿಕಾರ ಇರುತ್ತದೆ.

ಹೆಜ್ಜೆ 4: ಹೆಸರು ಮತ್ತು ವಿವರಣೆ

ಹೆತ್ತವರಿಗೆ ಹೆಗ್ಗಣ ಮುದ್ದು. ನಮ್ಮ ಸೈಟಿನ ಬಗ್ಗೆ ನಾವೇ ಬರೆಯುವಾಗ ಇದು ನೂರಕ್ಕೆ ನೂರು ನಿಜ. ಶಿರಸಿಯ ಒಂದು ಅಡಿಕೆ, ಮೆಣಸಿನ ಅಂಗಡಿಯವರು ಹೀಗೆ ಬರೆಯುತ್ತಾರೆ ಅಂದುಕೊಳ್ಳಿ:

'ಕರ್ನಾಟಕದ ನಂಬರ್ ಒನ್ ಅಡಿಕೆ ಅಂಗಡಿ!!! ಅತಿ ಕಡಿಮೆ ಬೆಲೆ, ಅತ್ಯುತ್ತಮ ಗುಣಮಟ್ಟ, ಅಡಿಕೆ ಕೊಳ್ಳಿ, ಮೆಣಸು ಕೊಳ್ಳಿ, ಜೇನು ಕೊಳ್ಳಿ, ಇಂದೇ ಭೇಟಿ ಕೊಡಿ.'

ಇದನ್ನು ಓದಿದ ಎಡಿಟರ್ ಪೂರ್ತಿ ತಿದ್ದಿ ಬರೆಯಬೇಕು. ರಾಶಿಯಲ್ಲಿ ಇನ್ನೂ ನೂರಾರು ಇರುವಾಗ ತಿದ್ದುವ ಕೆಲಸ ಜಾಸ್ತಿ ಇರುವುದನ್ನು ಯಾರು ಮೊದಲು ಎತ್ತಿಕೊಳ್ಳುತ್ತಾರೆ? ಅದೇ ಅಂಗಡಿಯವರು ಹೀಗೆ ಬರೆದರೆ:

'ಶಿರಸಿಯಲ್ಲಿ ಅಡಿಕೆ, ಕಾಳುಮೆಣಸು ಮತ್ತು ಜೇನುತುಪ್ಪ ಮಾರುವ ಅಂಗಡಿ. ಬೆಲೆಪಟ್ಟಿ, ಆರ್ಡರ್ ಮಾಡುವ ವಿಧಾನ ಮತ್ತು ವಿಳಾಸ ಇದೆ.'

ಎರಡೇ ಸಾಲು. 'ನಾವು' ಇಲ್ಲ, ಹೊಗಳಿಕೆ ಇಲ್ಲ, ಆಶ್ಚರ್ಯ ಚಿಹ್ನೆ ಇಲ್ಲ. ಎಡಿಟರ್ ಒಂದು ಅಕ್ಷರ ಮುಟ್ಟದೆ ಒಪ್ಪಬಹುದು. ಸೈಟಿನ ಹೆಸರೂ ಅಷ್ಟೇ. ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು, ಹಿಂದೆ ಮುಂದೆ ಕೀವರ್ಡ್ ಅಂಟಿಸಬೇಡಿ. ಅಕ್ಷರಮಾಲೆಯಲ್ಲಿ ಮೊದಲು ಬರಲಿ ಅಂತ ಹೆಸರಿನ ಮುಂದೆ 'ಎಎ' ಸೇರಿಸುವ ಹಳೇ ಚಾಲಾಕಿ ಎಡಿಟರ್‌ಗಳಿಗೆ ಚೆನ್ನಾಗಿ ಗೊತ್ತು.

ನೀವು ಬರೆದದ್ದೇ ಬರಬೇಕು ಅನ್ನುವ ಹಟ ಮಾತ್ರ ಬೇಡ. ಕೊನೆಯ ಮಾತು ಎಡಿಟರ್‌ದು. ಇದರ ಮೇಲೂ ಹಿಂದೆ ದೊಡ್ಡ ರಗಳೆ ಆಗಿದೆ. ಗೂಗಲ್ ಮತ್ತು ಮೈಕ್ರೋಸಾಫ್ಟ್ ತಮ್ಮ ಹುಡುಕಾಟದ ಫಲಿತಾಂಶಗಳಲ್ಲಿ ಕೆಲವು ಸಲ ಸೈಟಿನ ಸ್ವಂತ ವಿವರಣೆಯ ಬದಲು ಡಿಮೋಜ್ ಎಡಿಟರ್ ಬರೆದದ್ದನ್ನೇ ತೋರಿಸುತ್ತಿದ್ದವು. ಅಂಗಡಿ ವ್ಯಾಪಾರ ಬದಲಿಸಿ ಯಾವುದೋ ಕಾಲವಾಗಿದೆ, ಗೂಗಲ್‌ನಲ್ಲಿ ಮಾತ್ರ ಯಾರೋ ಅಪರಿಚಿತರು ಯಾವಾಗಲೋ ಬರೆದ ಹಳೇ ಸಾಲು. ಇಲ್ಲಿ ಮಾಲೀಕರ ಕೋಪ ನ್ಯಾಯವಾದದ್ದೇ. ಕೊನೆಗೆ 2006ರಲ್ಲಿ ಮೊದಲು ಮೈಕ್ರೋಸಾಫ್ಟ್, ಆಮೇಲೆ ಗೂಗಲ್ 'ನೋ ಓಡಿಪಿ' (ಓಡಿಪಿ ಅಂದರೆ ಓಪನ್ ಡೈರೆಕ್ಟರಿ ಪ್ರಾಜೆಕ್ಟ್) ಅನ್ನುವ ಟ್ಯಾಗ್ ಒಪ್ಪಿಕೊಂಡವು. ಅದನ್ನು ಪುಟದಲ್ಲಿ ಹಾಕಿದರೆ ಡಿಮೋಜ್ ವಿವರಣೆ ತೋರಿಸುವುದಿಲ್ಲ. ಡಿಮೋಜ್ ಹೋದ ಮೇಲೆ ಆ ಟ್ಯಾಗಿಗೂ ಕೆಲಸ ಇಲ್ಲ. ನಿಮ್ಮ ಹಳೇ ಪುಟಗಳಲ್ಲಿ ಇನ್ನೂ ಇದ್ದರೆ ತೆಗೆದುಹಾಕಿ.

ಹೆಜ್ಜೆ 5: ಒಂದೇ ಸಲ ಕಳಿಸಿ, ಮರೆತುಬಿಡಿ

ಕಳಿಸಿದ ದಿನ, ವಿಭಾಗ, ಬರೆದ ವಿವರಣೆ, ಮೂರನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ಆಮೇಲೆ ಬೇರೆ ಕೆಲಸ ನೋಡಿ.

ಇದು ಕ್ಯೂ ಅಲ್ಲ. ಟೋಕನ್ ಕೊಟ್ಟು ನಂಬರ್ ಕರೆಯುವ ವ್ಯವಸ್ಥೆ ಇಲ್ಲಿ ಯಾವತ್ತೂ ಇರಲಿಲ್ಲ. ಬಂದ ಸಲಹೆಗಳನ್ನು ಇಷ್ಟು ದಿನದೊಳಗೆ ನೋಡಲೇಬೇಕು ಅನ್ನುವ ನಿಯಮ ಎಡಿಟರ್‌ಗಿಲ್ಲ. ಒಬ್ಬರು ಹೊಸದರಿಂದ ಶುರು ಮಾಡುತ್ತಾರೆ, ಇನ್ನೊಬ್ಬರು ಹಳೆಯದರಿಂದ. ಮತ್ತೊಬ್ಬರು ರಾಶಿಯನ್ನು ಮುಟ್ಟದೆ ತಾವೇ ಹುಡುಕಿದ ಸೈಟ್‌ಗಳನ್ನು ಹಾಕುತ್ತಾರೆ. ಡಿಮೋಜ್‌ನಲ್ಲಿ ಅದೇ ವಿಳಾಸವನ್ನು ಅದೇ ವಿಭಾಗಕ್ಕೆ ಮತ್ತೆ ಕಳಿಸಿದರೆ ಹಳೆಯದರ ಮೇಲೆ ಹೊಸದು ಕೂರುತ್ತಿತ್ತು, ತಾರೀಖೂ ಹೊಸದಾಗುತ್ತಿತ್ತು. ಹಳೆಯದು ಮೊದಲು ಅಂತ ನೋಡುವ ಎಡಿಟರ್ ಸಿಕ್ಕಿದರೆ ನೀವು ನಿಮ್ಮ ಕೈಯಾರೆ ಸಾಲಿನ ಕೊನೆಗೆ ಹೋದಿರಿ ಅಂತ ಅರ್ಥ.

ಕೆಲವು ಸಲ ತಡಕ್ಕೆ ಎಡಿಟರ್ ಕಾರಣವೇ ಅಲ್ಲ. 2006ರ ಅಕ್ಟೋಬರ್‌ನಲ್ಲಿ ಡಿಮೋಜ್‌ನ ಸರ್ವರ್ ಕೆಟ್ಟು, ಡಿಸೆಂಬರ್‌ವರೆಗೂ ಎಡಿಟರ್‌ಗಳು ಏನನ್ನೂ ತಿದ್ದಲಾಗಲಿಲ್ಲ. ಹೊರಗಿದ್ದ ಮಾಲೀಕರಿಗೆ ಅದೂ ಎಡಿಟರ್‌ಗಳ ಸೊಕ್ಕಿನ ಹಾಗೆಯೇ ಕಂಡಿತು.

ಒಂದು ಕಾಲದಲ್ಲಿ ಎಡಿಟರ್‌ಗಳೇ 'ನಿಮ್ಮ ಸೈಟ್ ಯಾವ ಹಂತದಲ್ಲಿದೆ' ಅಂತ ಸಾರ್ವಜನಿಕವಾಗಿ ಉತ್ತರಿಸುತ್ತಿದ್ದರು. 2005ರಲ್ಲಿ ಅದನ್ನೂ ನಿಲ್ಲಿಸಿದರು. ಅವರ ಕಡೆಯಿಂದ ನೋಡಿದರೆ ಕಾರಣ ಇತ್ತು. 'ತಿರಸ್ಕೃತ' ಅಂತ ಹೇಳಿದ ಕೂಡಲೇ ವಾದ ಶುರು, ಸ್ಪ್ಯಾಮ್ ಮಾಡುವವರಿಗೆ ಯಾವ ಡೊಮೈನ್ ಸಿಕ್ಕಿಬಿತ್ತು ಅನ್ನುವ ಸುಳಿವೂ ಸಿಗುತ್ತಿತ್ತು. ಆದರೂ ಅದು ತಪ್ಪು ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ನೂರು ಜನ ಕಳ್ಳರಿಗೆ ಸುಳಿವು ಸಿಗಬಾರದು ಅಂತ ಸಾವಿರ ಜನ ಸಾಮಾನ್ಯರನ್ನು ಕತ್ತಲಲ್ಲಿಟ್ಟರು. ಒಂದು ಸಾಲಿನ ಯಾಂತ್ರಿಕ ಉತ್ತರ ಕಳಿಸಿದ್ದರೂ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಹೆಜ್ಜೆ 6: ಬರೆಯಲೇಬೇಕಾದರೆ ಹೇಗೆ ಬರೆಯಬೇಕು

ಬಹಳ ತಿಂಗಳಾಯಿತು, ಸೈಟಿನಲ್ಲಿ ಈಗ ಹೊಸ ಮಾಹಿತಿಯೂ ಸೇರಿದೆ ಅನ್ನಿ. ಆಗ ಒಂದು ಸಲ ಬರೆಯಬಹುದು. ಡೈರೆಕ್ಟರಿಯವರು ಕೊಟ್ಟಿರುವ ಅಧಿಕೃತ ದಾರಿಯಲ್ಲೇ ಬರೆಯಿರಿ. ಎಡಿಟರ್ ಯಾರು ಅಂತ ಪತ್ತೆಮಾಡಿ ಅವರ ಫೇಸ್‌ಬುಕ್‌ಗೋ, ಆಫೀಸಿನ ಇಮೇಲ್‌ಗೋ ಬರೆಯುವುದು ಬೇಡವೇ ಬೇಡ. ಎಷ್ಟೋ ಎಡಿಟರ್‌ಗಳು ಕೆಲಸ ಬಿಟ್ಟುಹೋಗಿದ್ದು ಇಂಥ ಕಾಟಕ್ಕೇ.

ಮಾದರಿ ಹೀಗಿರಲಿ:

'ನಮಸ್ಕಾರ. ಮಾರ್ಚ್‌ನಲ್ಲಿ ಈ ವಿಭಾಗಕ್ಕೆ ನಮ್ಮ ಸೈಟ್ ಸೂಚಿಸಿದ್ದೆ. ಈಚೆಗೆ ಇದರಲ್ಲಿ ನಮ್ಮ ತಾಲ್ಲೂಕಿನ ಕೆರೆಗಳ ಫೋಟೋ ಮತ್ತು ನಕ್ಷೆ ಸೇರಿಸಿದ್ದೇವೆ. ವಿಭಾಗ ತಪ್ಪಾಗಿದ್ದರೆ ಸರಿಯಾದದ್ದು ತಿಳಿಸಿದರೆ ಅಲ್ಲಿಗೆ ಸೂಚಿಸುತ್ತೇನೆ. ಸಮಯ ಕೊಟ್ಟಿದ್ದಕ್ಕೆ ಧನ್ಯವಾದ.'

ಇಷ್ಟೇ ಸಾಕು. ಬರೆಯಬಾರದ್ದೂ ಇದೆ. 'ಕೋರ್ಟಿಗೆ ಹೋಗುತ್ತೇನೆ' ಅನ್ನಬೇಡಿ, ಯಾವ ಡೈರೆಕ್ಟರಿಗೂ ನಿಮ್ಮನ್ನು ಸೇರಿಸಿಕೊಳ್ಳುವ ಬಾಧ್ಯತೆ ಇಲ್ಲ. 'ಇದರಿಂದ ನನ್ನ ವ್ಯಾಪಾರ ಹಾಳಾಯಿತು' ಅನ್ನಬೇಡಿ, ಅದು ಅವರ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, 'ಅವನದನ್ನು ಹಾಕಿದ್ದೀರಿ, ನನ್ನದನ್ನು ಯಾಕೆ ಹಾಕಿಲ್ಲ' ಅನ್ನಬೇಡಿ. ಎಡಿಟರ್‌ಗಳು ಅತಿ ಹೆಚ್ಚು ಕೇಳಿ ಕೇಳಿ ಸುಸ್ತಾದ ವಾಕ್ಯ ಅದು. ಅವನ ಸೈಟ್ ನಿಜವಾಗಿ ನಿಯಮ ಮುರಿದಿದ್ದರೆ ಅದನ್ನು ಬೇರೆ ದೂರಾಗಿ ಕೊಡಿ. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದರೆ ಎರಡೂ ಕೆಲಸ ಕೆಡುತ್ತದೆ.

ಹೆಜ್ಜೆ 7: ಎಡಿಟರ್ ಮೋಸ ಮಾಡುತ್ತಿದ್ದಾರೆ ಅನ್ನಿಸಿದರೆ

ಮೋಸ ನಡೆದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಿಮೋಜ್‌ನಲ್ಲಿ ಹಣ ತೆಗೆದುಕೊಂಡು ಸೈಟ್ ಸೇರಿಸಿದವರು ಇದ್ದರು. ತಮ್ಮ ಸೈಟನ್ನು ಮೆರೆಸಿ ಎದುರಾಳಿಯದನ್ನು ಅಳಿಸಿದವರೂ ಇದ್ದರು. ಸಿಕ್ಕಿಬಿದ್ದವರನ್ನು ಹಿರಿಯ ಎಡಿಟರ್‌ಗಳು ಹೊರಹಾಕುತ್ತಿದ್ದರು. ಅಲ್ಲಿ ಅವರನ್ನು ಮೆಟಾ ಎಡಿಟರ್ ಅನ್ನುತ್ತಿದ್ದರು. ಹೊರಗಿನವರು ದೂರು ಕೊಡಲು ಬೇರೆ ಫಾರ್ಮ್ ಕೂಡ ಇತ್ತು.

ಆದರೆ ದೂರು ಕೊಡುವ ಮೊದಲು ಒಂದು ವಿಷಯ ನೋಡಿ. ಎಡಿಟರ್‌ಗೆ ಅದೇ ಕ್ಷೇತ್ರದಲ್ಲಿ ಸ್ವಂತ ಸೈಟ್ ಇರುವುದು ತಪ್ಪಲ್ಲ. ವೀಣೆ ಬಗ್ಗೆ ಎಡಿಟ್ ಮಾಡಲು ಬರುವವರು ವೀಣೆ ನುಡಿಸುವವರೇ ಆಗಿರುತ್ತಾರೆ ತಾನೇ. ತಮ್ಮ ಸೈಟ್ ಯಾವುದು ಅಂತ ಮೊದಲೇ ಹೇಳಿರಬೇಕು, ಬೇರೆಯವರದನ್ನು ಅದೇ ಅಳತೆಗೋಲಿನಲ್ಲಿ ಅಳೆಯಬೇಕು, ಅದು ನಿಯಮ. ಹಾಗಾಗಿ 'ಅವರೂ ಇದೇ ವ್ಯಾಪಾರದವರು' ಅನ್ನುವುದು ದೂರಾಗುವುದಿಲ್ಲ. 'ಇಂಥ ತಾರೀಖಿನವರೆಗೆ ಈ ಐದು ಸೈಟ್‌ಗಳು ಇದ್ದವು, ಆಮೇಲೆ ಇವಿಷ್ಟೂ ಹೋಗಿ ಈ ಒಂದೇ ಮಾಲೀಕನ ಮೂರು ಸೈಟ್‌ಗಳು ಬಂದಿವೆ' ಅನ್ನುವುದು ದೂರು. ಹಳೆಯ ಪುಟಗಳನ್ನು ವೇಬ್ಯಾಕ್ ಮಷೀನ್‌ನಲ್ಲಿ (ವೆಬ್‌ಪುಟಗಳ ಹಳೇ ಪ್ರತಿಗಳನ್ನು ಉಳಿಸಿಡುವ ಸೈಟ್) ನೋಡಿ ಲಿಂಕ್ ಸಮೇತ ಕೊಡಿ. ಬೈಗುಳ ಬೇಡ, ತಾರೀಖು ಸಾಕು.

'ಇಷ್ಟು ಕೊಟ್ಟರೆ ಸೇರಿಸುತ್ತೇನೆ' ಅಂತ ಯಾರಾದರೂ ಮೇಲ್ ಕಳಿಸಿದರೆ ಒಂದು ರೂಪಾಯಿಯೂ ಕೊಡಬೇಡಿ. ಇಂಥ ಮೇಲ್ ಕಳಿಸುವವರು ಬಹಳ ಸಲ ಎಡಿಟರ್ ಕೂಡ ಆಗಿರುವುದಿಲ್ಲ, ಎಡಿಟರ್ ಹೆಸರಿನಲ್ಲಿ ದುಡ್ಡು ಹೊಡೆಯುವವರು. ಅಕಸ್ಮಾತ್ ನಿಜವಾದ ಎಡಿಟರೇ ಆದರೂ ಅವರು ಸಿಕ್ಕಿಬಿದ್ದ ದಿನ ಅವರು ಸೇರಿಸಿದ ಸೈಟ್‌ಗಳನ್ನೆಲ್ಲ ಕೆದಕಿ ನೋಡುತ್ತಾರೆ. ಆಗ ನಿಮ್ಮದೂ ಹೋಗುತ್ತದೆ. ಆ ಮೇಲ್ ಅಳಿಸದೆ ಹಾಗೇ ಇಟ್ಟುಕೊಂಡು ಡೈರೆಕ್ಟರಿಯವರಿಗೆ ಕಳಿಸಿ.

ಹೆಜ್ಜೆ 8: ಆಚೆ ಕಡೆ ಹೋಗಿ ಕೂತು ನೋಡಿ

ನಿಮಗೆ ಒಂದು ವಿಷಯದಲ್ಲಿ ನಿಜವಾದ ಆಸಕ್ತಿ ಇದ್ದರೆ ನೀವೇ ಎಡಿಟರ್ ಆಗಲು ಅರ್ಜಿ ಹಾಕಬಹುದು. ಕನ್ನಡದಂಥ ಭಾಷೆಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಕನ್ನಡ ಓದಬಲ್ಲ ಎಡಿಟರ್ ಇಲ್ಲದಿದ್ದರೆ ಕನ್ನಡದ ರಾಶಿ ಕರಗುವುದೇ ಇಲ್ಲ.

ಅರ್ಜಿಯಲ್ಲಿ ಸಣ್ಣ ವಿಭಾಗ ಕೇಳಿ. 'ಇಡೀ ಕರ್ನಾಟಕ ಕೊಡಿ' ಅಂದರೆ ಹೊಸಬರಿಗೆ ಕೊಡುವುದಿಲ್ಲ. ಒಂದು ಊರು, ಒಂದು ಹವ್ಯಾಸ, ಅಷ್ಟು ಸಾಕು. ಆ ವಿಭಾಗಕ್ಕೆ ಹೊಂದುವ ಎರಡು ಮೂರು ಸೈಟ್‌ಗಳನ್ನು ಮಾದರಿಯಾಗಿ ಕೊಡಬೇಕಾಗುತ್ತದೆ. ಅವುಗಳ ವಿವರಣೆಯನ್ನು ಮೇಲೆ ಹೇಳಿದ ಹಾಗೆ ತಣ್ಣಗೆ ಬರೆಯಿರಿ. ಕಾಗುಣಿತ ನೋಡಿಕೊಳ್ಳಿ, ಅರ್ಜಿಗಳು ಬೀಳುವುದು ಹೆಚ್ಚಾಗಿ ಇಂಥ ಅಜಾಗರೂಕತೆಯಿಂದ. ನಿಮ್ಮ ಸ್ವಂತ ಸೈಟ್, ನೀವು ಕೆಲಸ ಮಾಡುವ ಕಂಪನಿಯ ಸೈಟ್, ನೆಂಟರಿಗೆ ಮಾಡಿಕೊಟ್ಟ ಸೈಟ್, ಎಲ್ಲವನ್ನೂ ಮುಚ್ಚಿಡದೆ ಹೇಳಿ. ಮುಚ್ಚಿಟ್ಟದ್ದು ಗೊತ್ತಾದರೆ ಅಲ್ಲಿಗೆ ಮುಗಿಯಿತು. ಮೊದಲ ಸಲ ಆಗದಿದ್ದರೆ ಬೇಜಾರು ಬೇಡ, ತಿದ್ದಿಕೊಂಡು ಮತ್ತೆ ಹಾಕಬಹುದು. ನಿಮ್ಮ ಸೈಟ್ ಸೇರಿಸಿ ನಾಪತ್ತೆಯಾಗುವ ಪ್ಲಾನ್ ಇದ್ದರೆ ಬಿಡಿ. ಡಿಮೋಜ್‌ನಲ್ಲಿ ನಾಲ್ಕು ತಿಂಗಳು ಏನೂ ಎಡಿಟ್ ಮಾಡದಿದ್ದರೆ ಲಾಗಿನ್ ತಾನಾಗಿಯೇ ನಿಂತುಹೋಗುತ್ತಿತ್ತು.

ಒಳಗೆ ಹೋದ ಮೇಲೆ ಕಾಣುವ ದೃಶ್ಯವೇ ಬೇರೆ. ನೀವು ಕೇಳಿಕೊಂಡದ್ದು ಒಂದು ಊರಿನ ವಿಭಾಗ. ರಾಶಿಯಲ್ಲಿ ಮೊದಲನೆಯದು ದೂರದ ಯಾವುದೋ ಊರಿನ ಹೋಟೆಲ್ ಬುಕಿಂಗ್ ಸೈಟು, ನಿಮ್ಮೂರಿನ ಹೆಸರು ಮಾತ್ರ ಬದಲಿಸಿದ ಪುಟ. ಎರಡನೆಯದೂ ಅದೇ ಸೈಟು, ಬೇರೆ ಪುಟ. ಮೂರನೆಯದು ತೆರೆಯುವುದೇ ಇಲ್ಲ. ನಾಲ್ಕನೆಯದು ಒಳ್ಳೆಯ ಶಾಲೆಯ ಸೈಟು, ಆದರೆ ವಿವರಣೆ ಬರೆದಿರುವುದು ಅರ್ಧ ಪುಟ, ಮುಖ್ಯೋಪಾಧ್ಯಾಯರ ಬಿರುದುಗಳ ಸಮೇತ. ಐದರಿಂದ ಹತ್ತರವರೆಗೆ ಸಾಲ ಕೊಡುವವರು. ಹನ್ನೊಂದನೆಯದು ಯಾರೋ ನಿವೃತ್ತ ಮೇಷ್ಟ್ರು ಮಾಡಿದ ಊರಿನ ಚರಿತ್ರೆ, ಚೆನ್ನಾಗಿದೆ. ಅಷ್ಟರಲ್ಲಿ ರಾತ್ರಿ ಹತ್ತೂವರೆ. ಮೇಷ್ಟ್ರಿಗೆ ತಮ್ಮ ಅರ್ಜಿ ಹನ್ನೊಂದನೆಯದು ಅಂತಲೂ ಗೊತ್ತಿಲ್ಲ, ಅವರ ಮುಂದೆ ಯಾರು ಯಾರು ನಿಂತಿದ್ದರು ಅಂತಲೂ ಗೊತ್ತಿಲ್ಲ. ಟ್ರಾವೆಲ್, ರಿಯಲ್ ಎಸ್ಟೇಟ್, ಸಾಲ, ಔಷಧಿ, ಇಂಥ ವಿಭಾಗಗಳಲ್ಲಿ ಮೇಷ್ಟ್ರಂಥವರು ಸಿಗುವುದು ಇನ್ನೂ ಅಪರೂಪ. ಅಲ್ಲಿನ ಎಡಿಟರ್‌ಗಳಿಗೆ ಯಾರನ್ನೂ ನಂಬದ ಅಭ್ಯಾಸ ಆಗಿಬಿಡುತ್ತದೆ, ಆ ಅಭ್ಯಾಸದ ಏಟು ಒಳ್ಳೆಯವರಿಗೂ ಬೀಳುತ್ತದೆ.

ವಿಕಿಪೀಡಿಯದಲ್ಲೂ ಇದೇ ಪಾಠ

ಡೈರೆಕ್ಟರಿಗಳ ಕಾಲ ಮುಗಿಯುತ್ತಾ ಬಂದ ಹಾಗೆ ಈ ಜಗಳ ವಿಕಿಪೀಡಿಯದ ಹೊರಕೊಂಡಿಗಳಿಗೆ ದಾಟಿತು. ಅಲ್ಲಿ ಸೈಟ್ ಮಾಲೀಕರು ಬಂದು ತಮ್ಮ ಲಿಂಕ್ ಹಾಕುವುದು, ಎಡಿಟರ್‌ಗಳು ತೆಗೆಯುವುದು, ಮತ್ತೆ ಹಾಕುವುದು. 2007ರ ಜನವರಿಯಿಂದ ಇಂಗ್ಲಿಷ್ ವಿಕಿಪೀಡಿಯ ಹೊರಗಿನ ಲಿಂಕ್‌ಗಳಿಗೆಲ್ಲ 'ನೋಫಾಲೋ' ಹಾಕಿತು. ಈ ಲಿಂಕ್ ಕೊಟ್ಟದ್ದು ಆ ಸೈಟಿಗೆ ಮತ ಹಾಕಿದ ಹಾಗಲ್ಲ ಅಂತ ಸರ್ಚ್ ಎಂಜಿನ್‌ಗಳಿಗೆ ಹೇಳುವ ಗುರುತು ಅದು. ಆದರೂ ಲಿಂಕ್ ತುರುಕುವವರು ನಿಂತಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಸೈಟ್ ಒಂದು ಲೇಖನಕ್ಕೆ ನಿಜಕ್ಕೂ ಉಪಯೋಗ ಅನ್ನಿಸಿದರೆ ನೀವೇ ಹೋಗಿ ಹಾಕಬೇಡಿ. ಆ ಲೇಖನದ ಚರ್ಚೆ ಪುಟದಲ್ಲಿ ಬರೆಯಿರಿ: ಇದು ನನ್ನದೇ ಸೈಟ್, ಇದರಲ್ಲಿ ಇಂಥ ಮಾಹಿತಿ ಇದೆ, ಉಪಯೋಗ ಅನ್ನಿಸಿದರೆ ಸೇರಿಸಿ. ಅಷ್ಟು ಬರೆದು ಬಿಟ್ಟುಬಿಡಿ. ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ನಿಮ್ಮ ಸೈಟಿನ ಫೋಟೋಗಳನ್ನು ಮುಕ್ತ ಪರವಾನಗಿಯಲ್ಲಿ ವಿಕಿಪೀಡಿಯದ ಚಿತ್ರ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಕೊಡಿ. ಅಲ್ಲಿ ಫೋಟೋ ತೆಗೆದವರ ಹೆಸರು ಉಳಿಯುತ್ತದೆ, ಯಾರೂ ಜಗಳಕ್ಕೆ ಬರುವುದಿಲ್ಲ.

ಸೇರಿದ ಮೇಲೆ

ಸೈಟ್ ಪಟ್ಟಿಯಲ್ಲಿ ಬಂತು ಅಂದರೆ ಕೆಲಸ ಮುಗಿಯಲಿಲ್ಲ. ಡಿಮೋಜ್‌ನಲ್ಲಿ ರೋಬೋಜಿಲ್ಲ ಅನ್ನುವ ಪ್ರೋಗ್ರಾಂ ಆಗಾಗ ಎಲ್ಲ ಲಿಂಕ್‌ಗಳನ್ನೂ ತಟ್ಟಿ ನೋಡಿ, ತೆರೆಯದಿದ್ದವನ್ನು ಗುರುತು ಮಾಡುತ್ತಿತ್ತು. ಡೊಮೈನ್ ಶುಲ್ಕ ಕಟ್ಟಲು ಮರೆತರೆ ಇನ್ನೂ ದೊಡ್ಡ ತೊಂದರೆ. ಡೈರೆಕ್ಟರಿಯಲ್ಲಿದ್ದ ಡೊಮೈನ್ ಅವಧಿ ಮುಗಿಯಲಿ ಅಂತಲೇ ಕಾದು ಕೊಳ್ಳುವವರಿದ್ದರು, ಕೊಂಡು ಅದರಲ್ಲಿ ಜೂಜಿನ ಸೈಟೋ ಇನ್ನೊಂದೋ ಹಾಕುತ್ತಿದ್ದರು. ಮಕ್ಕಳ ಕಥೆಗಳ ಸೈಟ್ ಅಂತ ವಿವರಣೆ, ಒತ್ತಿದರೆ ಕ್ಯಾಸಿನೋ. ಇದನ್ನು ಕಂಡು ಕಂಡು ಎಡಿಟರ್‌ಗಳಿಗೆ ಯಾವ ಬದಲಾವಣೆಯ ಮೇಲೂ ಅನುಮಾನ.

ಹಾಗಾಗಿ ಡೊಮೈನ್ ಬದಲಿಸುವುದಾದರೆ ಹಳೆಯ ವಿಳಾಸವನ್ನು ತಕ್ಷಣ ಬಿಡಬೇಡಿ. ಅಲ್ಲಿ 'ನಾವು ಈ ಹೊಸ ವಿಳಾಸಕ್ಕೆ ಹೋಗಿದ್ದೇವೆ' ಅಂತ ಒಂದು ಪುಟ ಇಡಿ. ಆಮೇಲೆ ಹೊಸ ಸಲಹೆ ಕಳಿಸುವ ಫಾರ್ಮ್ ಬಿಟ್ಟು, ಇರುವ ಲಿಸ್ಟಿಂಗ್ ತಿದ್ದುವ ಫಾರ್ಮ್‌ನಲ್ಲಿ ಹಳೇ ವಿಳಾಸ, ಹೊಸ ವಿಳಾಸ, ಬದಲಾವಣೆಯ ಕಾರಣ ಬರೆದು ಕಳಿಸಿ. ಎಡಿಟರ್ ನೋಡಿ ತಿದ್ದುವವರೆಗೆ ಹಳೇ ಡೊಮೈನಿನ ಶುಲ್ಕ ಕಟ್ಟುತ್ತಿರಿ.